‘ಕ್ಯಾನ್’ ಎಂಬ ಚಿಕ್ಕ ಮಾತು

ಪರಭಾಷೆಯನ್ನು ಕಲಿಯುವವರಿಗೆ ದೊಡ್ಡ ದೊಡ್ಡ ಶಬ್ದಗಳಿಂದ ತೊಂದರೆಯಾಗುವುದೆಂದು ಜನರು ಸಾಮಾನ್ಯವಾಗಿ ತಿಳಿದಿರುವರು. ವಾಸ್ತವದಲ್ಲಿ ಹಾಗಲ್ಲ. ದೊಡ್ಡ ಶಬ್ದಕ್ಕೆ ನಿಘಂಟು ಉಂಟು; ತೆಗೆದು ನೋಡಿದರೆ ಅರ್ಥವು ಸಿಕ್ಕುವುದು; ಒಮ್ಮೆ ಸಿಕ್ಕಿದ ಅರ್ಥವು ಬಹುಕಾಲ ಉಳಿಯುವುದು. ನಿಜವಾಗಿ ಕಾಡುವವು ಎರಡು ಮೂರು ಅಕ್ಷರಗಳ ಚಿಕ್ಕ ಮಾತುಗಳು. ಅವು ಹೆಜ್ಜೆಹೆಜ್ಜೆಗೂ ಎದುರಾಗುವುವು. ನಿಘಂಟನ್ನು ತೆರೆದರೆ ಒಂದೊಂದಕ್ಕೂ ಹತ್ತು ಅರ್ಥಗಳು ಕಾಣುವುವು. ಅವುಗಳಲ್ಲಿ ಯಾವುದು ಇಲ್ಲಿಗೆ ತಕ್ಕದ್ದೆಂಬುದನ್ನು ಮಾತ್ರ ನಿಘಂಟು ಹೇಳದು. ಇಂಗ್ಲಿಷಿನ ‘ಕ್ಯಾನ್’ ಎಂಬುದು ಇಂಥ ಮಾತುಗಳಲ್ಲೊಂದು. ಬರೆದರೆ ಮೂರೇ ಅಕ್ಷರ. ಆದರೆ ಅದನ್ನು ನೆಟ್ಟಗೆ ಬಳಸುವುದು ಪದವೀಧರರಿಗೂ ಎಷ್ಟೋ ಸಲ ಸಾಧ್ಯವಾಗುವುದಿಲ್ಲ.

ಇಂಥ ವ್ಯಾಕರಣದ ವಿಷಯಕ್ಕೆ ಮನೆಮಂದಿ ಓದುವ ಪತ್ರಿಕೆಯಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಕೆಲಸವುಂಟು. ನಮ್ಮ ಸರಕಾರೀ ಶಾಲೆಗಳಲ್ಲಿ ಮೊದಲು ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007ನೆಯ ಇಸವಿಯಿಂದ ಒಂದನೆಯ ತರಗತಿಗೇ ಇಳಿದುಬಂದಿದೆ. ಹತ್ತು ಹನ್ನೊಂದು ವರ್ಷದ ಮಗುವು ತನ್ನ ಪಾಠವನ್ನು ತಾನೇ ನೋಡಿಕೊಳ್ಳಬಲ್ಲದು. ಆರು ವರ್ಷದ ಕೂಸಿನ ಮಗ್ಗುಲಲ್ಲಿ ತಾಯಿ ಕುಳಿತುಕೊಳ್ಳಲೇಬೇಕು. ಆದುದರಿಂದ ಯಾವುದು ಉಪಾಧ್ಯಾಯರ ಚಿಂತೆಯಾಗಿತ್ತೋ ಅದು ಈಗ ಅಡುಗೆಮನೆಯ ಚಿಂತೆಯೂ ಆಗಿದೆ. ನಾನು ಓದಿದ್ದು ಸಂಸ್ಕೃತ. ಕಲಿಸಬೇಕಾದದ್ದು ಸಂಸ್ಕೃತ, ಕನ್ನಡ. ಆದರೆ ಮುದಗಲ್ಲಿನಂಥ ಸಣ್ಣ ಊರುಗಳಲ್ಲಿ ಮಾಸ್ತರನೆಂದ ಮೇಲೆ ಬರಿದಾದ ತರಗತಿಗೆಲ್ಲ ಹೋಗಬೇಕಾಗುವುದು. ಹೀಗೆ ಇಂಗ್ಲಿಷಿನ ಪಾಠವೂ ಹಲವು ವರ್ಷ ನನ್ನ ಪಾಲಿಗೆ ಬಂದಿತು. ಪಾಣಿನಿಯ ಕನ್ನಡಕವನ್ನು ಹಾಕಿಕೊಂಡು ನೋಡಿದಾಗ ಈ ಚಿಕ್ಕ ಮಾತಿನಲ್ಲಿ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಅರಿಕೆಮಾಡುವೆನು.

ಮೊದಲು ಅದರ ರೂಪವನ್ನು ನೋಡೋಣ. ‘ಕ್ಯಾನ್’ ಎಂಬುದು ಸ್ವತಂತ್ರ ಕ್ರಿಯಾಪದವಲ್ಲ. ಇನ್ನೊಂದು ಕ್ರಿಯಾಪದದ ಕೈಹಿಡಿದು ನಡೆಯುವ ಸಹಾಯಕ. ‘ಐ ಕ್ಯಾನ್ ಸ್ವಿಮ್’ ಎಂದರೆ ನಾನು ಈಜಬಲ್ಲೆನು ಎಂದರ್ಥ. ಸಾಮಾನ್ಯವಾದ ಇಂಗ್ಲಿಷ್ ಕ್ರಿಯಾಪದಕ್ಕೆ ‘ಹೀ’, ‘ಶೀ’ ಎಂಬ ಕರ್ತೃಪದವು ಬಂದರೆ ಕೊನೆಯಲ್ಲಿ ಸಕಾರವು ಸೇರುವುದಷ್ಟೆ. ‘ಹೀ ಸ್ವಿಮ್ಸ್’ ಎನ್ನುವೆವು. ಇದನ್ನು ಚೆನ್ನಾಗಿ ಕಲಿತ ಜಾಣ ಹುಡುಗನು ‘ಹೀ ಕ್ಯಾನ್ಸ್ ಸ್ವಿಮ್’ ಎಂದಾನು. ಇಲ್ಲವೆ ‘ಹೀ ಕ್ಯಾನ್ ಸ್ವಿಮ್ಸ್’ ಎಂದಾನು. ಎರಡೂ ಅಶುದ್ಧ. ‘ಹೀ ಕ್ಯಾನ್ ಸ್ವಿಮ್’ ಎಂಬುದೇ ಶುದ್ಧ. ಕ್ಯಾನಿಗೂ ಸಕಾರವಿಲ್ಲ, ಅದರ ಕೈಹಿಡಿದ ಕ್ರಿಯಾಪದಕ್ಕೂ ಸಕಾರವಿಲ್ಲ.

ಏಕೆ ಇಲ್ಲವೆಂದು ಮಕ್ಕಳು ಕೇಳುವರು, ಕೇಳಬೇಕಾದದ್ದೇ. ಇದಕ್ಕೆ ಕಾರಣವು ಭಾಷೆಯ ಚರಿತ್ರೆಯಲ್ಲಿ ಅಡಗಿದೆ. ‘ಕ್ಯಾನ್’ ಎಂಬುದು ಪೂರ್ವದಲ್ಲಿ ಭೂತಕಾಲದ ರೂಪವಾಗಿದ್ದು, ಕಾಲಕ್ರಮದಲ್ಲಿ ವರ್ತಮಾನದ ಅರ್ಥವನ್ನು ತಳೆಯಿತು. ಭೂತಕಾಲದಲ್ಲಿ ಇಂಗ್ಲಿಷಿಗೆ ಸಕಾರವಿಲ್ಲ. ‘ಹೀ ವೆಂಟ್’ ಎನ್ನುವೆವೇ ಹೊರತು ‘ವೆಂಟ್ಸ್’ ಎನ್ನುವುದಿಲ್ಲ. ಆ ಹಳೆಯ ನಡತೆಯನ್ನು ಈ ಮಾತು ಇಂದಿಗೂ ಬಿಟ್ಟಿಲ್ಲ. ಸಂಸ್ಕೃತವನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು. ‘ವಿದ್’ ಎಂಬ ಧಾತುವಿನಿಂದ ಬಂದ ‘ವೇದ’ ಎಂಬ ಕ್ರಿಯಾಪದವು ರೂಪದಲ್ಲಿ ಪರೋಕ್ಷಭೂತದ ಪ್ರತ್ಯಯವನ್ನು ಹೊಂದಿದ್ದರೂ ಅರ್ಥದಲ್ಲಿ ವರ್ತಮಾನವೇ ಆಗಿದೆ. ‘ಅಹಂ ವೇದ’ ಎಂದರೆ ನಾನು ಬಲ್ಲೆನು. ‘ಸಃ ವೇದ’ ಎಂದರೆ ಅವನು ಬಲ್ಲನು. ಉತ್ತಮಪುರುಷದಲ್ಲಿಯೂ ಪ್ರಥಮಪುರುಷದಲ್ಲಿಯೂ ರೂಪವೊಂದೇ. ‘ಐ ಕ್ಯಾನ್’, ‘ಹೀ ಕ್ಯಾನ್’ ಎಂಬಲ್ಲಿಯೂ ಹಾಗೆಯೇ. ಇನ್ನೂ ಒಂದು ಸ್ವಾರಸ್ಯವುಂಟು. ‘ಕ್ಯಾನ್’ ಎಂಬುದರ ಮೂಲಾರ್ಥವು ‘ತಿಳಿದಿರುವುದು’ ಎಂಬುದೇ. ಅದೂ ಇಂಗ್ಲಿಷಿನ ‘ನೋ’ ಎಂಬ ಕ್ರಿಯಾಪದವೂ ಸಂಸ್ಕೃತದ ‘ಜ್ಞಾ’ ಧಾತುವೂ ಒಂದೇ ಬೇರಿನಿಂದ ಒಡೆದ ಕೊಂಬೆಗಳು.

ಎರಡನೆಯ ತೊಡಕು ‘ಟು’ ಎಂಬುದರದು. ‘ಐ ವಾಂಟ್ ಟು ಸ್ವಿಮ್’ ಎಂದು ಕಲಿತ ಮಗುವು ‘ಐ ಕ್ಯಾನ್ ಟು ಸ್ವಿಮ್’ ಎನ್ನುವುದು ಸ್ವಾಭಾವಿಕ. ನಮ್ಮ ಭಾಷೆಗಳ ನಡೆಯೂ ಅದನ್ನೇ ಪ್ರೇರಿಸುವುದು. ‘ಗಂತುಂ ಶಕ್ನೋಮಿ’ ಎಂಬಲ್ಲಿ ತುಮುನ್ ಪ್ರತ್ಯಯವಿದೆ. ‘ಹೋಗಲು ಆಗುತ್ತದೆ’ ಎಂಬಲ್ಲಿ ‘ಅಲು’ ಇದೆ. ಆ ‘ಅಲು’ ಇಂಗ್ಲಿಷಿನಲ್ಲಿ ‘ಟು’ ಆಗಿ ಬರಬೇಕಲ್ಲವೇ ಎಂದು ಮಗುವಿನ ಮನಸ್ಸು ತರ್ಕಿಸುವುದು. ತರ್ಕವು ಸರಿಯಾದದ್ದೇ, ಆದರೆ ‘ಕ್ಯಾನ್’ ಬಂದೊಡನೆ ಇಂಗ್ಲಿಷಿನಲ್ಲಿ ಆ ‘ಅಲು’ ಲೋಪವಾಗುವುದು. ‘ಈಜಬಲ್ಲೆ’ ಎಂಬ ಸಮಸ್ತರೂಪದಲ್ಲಿ ನಮಗೂ ‘ಅಲು’ ಕಾಣುವುದಿಲ್ಲ. ಆದಕಾರಣ ‘ಕ್ಯಾನ್ ಸ್ವಿಮ್’ ಎಂಬುದನ್ನು ‘ಈಜಬಲ್ಲೆ’ ಎಂಬಂತೆ ಒಂದೇ ಉಸಿರಿನಲ್ಲಿ ಹೇಳಿಸಿದರೆ ಮಕ್ಕಳು ಬೇಗನೆ ಹಿಡಿಯುವರು.

ಮೂರನೆಯದು ನಮ್ಮ ದೇಶದಲ್ಲಿ ಎಲ್ಲೆಡೆಯೂ ಕಿವಿಗೆ ಬೀಳುವ ‘ಐ ಕ್ಯಾನ್ ಏಬಲ್ ಟು’ ಎಂಬುದು. ಕೆಲಸಕ್ಕಾಗಿ ಬರೆದ ಅರ್ಜಿಗಳಲ್ಲಿಯೂ, ಸಂದರ್ಶನದ ಕೊಠಡಿಗಳಲ್ಲಿಯೂ ಇದು ಕೇಳಿಬರುವುದು. ‘ಕ್ಯಾನ್’ ಎಂದರೂ ಶಕ್ತಿಯೇ, ‘ಏಬಲ್’ ಎಂದರೂ ಶಕ್ತಿಯೇ. ಒಂದು ಬಂಡಿಗೆ ಮುಂದೆ ಒಂದು ಜೋಡಿ, ಹಿಂದೆ ಒಂದು ಜೋಡಿ ಎತ್ತುಗಳನ್ನು ಕಟ್ಟಿದರೆ ಹೇಗೋ ಹಾಗೆ. ‘ಐ ಕ್ಯಾನ್ ಸ್ವಿಮ್’ ಎನ್ನಬೇಕು, ಇಲ್ಲವೆ ‘ಐ ಆಮ್ ಏಬಲ್ ಟು ಸ್ವಿಮ್’ ಎನ್ನಬೇಕು. ಹಾಗಾದರೆ ‘ಏಬಲ್ ಟು’ ಏಕೆ ಬೇಕು? ‘ಕ್ಯಾನ್’ ಹೋಗಲಾರದ ಸ್ಥಳಗಳುಂಟು. ಭವಿಷ್ಯತ್ಕಾಲದಲ್ಲಿ ‘ವಿಲ್ ಕ್ಯಾನ್’ ಎನ್ನಲಾಗದು. ‘ಮುಂದಿನ ವರ್ಷ ನಾನು ಈಜಬಲ್ಲವನಾಗುವೆನು’ ಎಂಬುದಕ್ಕೆ ‘ಐ ವಿಲ್ ಬಿ ಏಬಲ್ ಟು ಸ್ವಿಮ್’ ಎಂದೇ ಹೇಳಬೇಕು. ಕನ್ನಡದ ‘ಬಲ್ಲ’ ಎಂಬ ಧಾತುವೂ ಹೀಗೆಯೇ ಕುಂಟುವುದನ್ನು ನೋಡಿರಿ. ಬಲ್ಲೆನು, ಬಲ್ಲನು, ಬಲ್ಲಳು ಎಂಬ ಕೆಲವೇ ರೂಪಗಳು ಅದಕ್ಕುಂಟು. ಉಳಿದೆಡೆಗಳಲ್ಲಿ ‘ಬಲ್ಲವನಾದೆನು’, ‘ಬಲ್ಲವನಾಗುವೆನು’ ಎಂದು ಬೇರೊಂದು ಕ್ರಿಯಾಪದದ ನೆರವನ್ನು ಪಡೆಯಬೇಕು.

ರೂಪದ ಮಾತು ಇಷ್ಟಕ್ಕೆ ಸಾಕು. ಇನ್ನು ಅರ್ಥಕ್ಕೆ ಬರೋಣ. ನಿಜವಾದ ಕಷ್ಟವಿರುವುದು ಇಲ್ಲಿಯೇ.

ನಮ್ಮ ಊರಿನ ಕೋಟೆಯ ಸುತ್ತ ಒಂದು ಕಂದಕವಿದೆ. ಅದರಲ್ಲಿ ನೀರೂ ಉಂಟು. ಈಜು ಬಲ್ಲ ಒಬ್ಬ ಹುಡುಗನು ಅದರ ದಡದಲ್ಲಿ ನಿಂತಿರುವನೆಂದು ಭಾವಿಸಿರಿ. ಅವನು ನಮ್ಮ ಕಡೆಯ ಕನ್ನಡದಲ್ಲಿ ಮೂರು ಮಾತುಗಳನ್ನು ಹೇಳಬಲ್ಲನು. ‘ನಂಗ ಈಜು ಬರ್ತದ’ ಎಂಬುದು ಮೊದಲನೆಯದು. ಇದು ಕಲಿತ ವಿದ್ಯೆ. ‘ಇವತ್ತ ಈಜಾಕ ಆಗಂಗಿಲ್ಲ, ಕೈ ನೋಯ್ತದ’ ಎಂಬುದು ಎರಡನೆಯದು; ಇದು ಸಂದರ್ಭದ ಅನುಕೂಲ ಪ್ರತಿಕೂಲಗಳ ಮಾತು. ‘ಇಲ್ಲಿ ಈಜಬಾರದು’ ಎಂಬುದು ಮೂರನೆಯದು. ಇದು ಹಿರಿಯರ ಅಪ್ಪಣೆಯ ಮಾತು. ವಿದ್ಯೆಗೆ ‘ಬರುವುದು’, ಅನುಕೂಲಕ್ಕೆ ‘ಆಗುವುದು’, ಅಪ್ಪಣೆಗೆ ‘ಬಹುದು’ ಅಥವಾ ‘ಬಾರದು’ ಎಂದು ನಾವು ಬೇರೆಬೇರೆಯಾಗಿ ಇಟ್ಟುಕೊಂಡಿರುವೆವು. ಇಂಗ್ಲಿಷಿನವನು ಮಾತ್ರ ಈ ಮೂರನ್ನೂ ‘ಕ್ಯಾನ್’, ‘ಕ್ಯಾನಾಟ್’ ಎಂಬ ಒಂದೇ ಚೀಲದಲ್ಲಿ ತುಂಬಬಲ್ಲನು. ಆ ಚೀಲದೊಳಗೆ ಯಾವುದಿದೆಯೆಂಬುದನ್ನು ಕೇಳುವವನು ಸಂದರ್ಭದಿಂದ ಊಹಿಸಬೇಕು.

ಈ ಅರ್ಥಗಳು ಒಂದರೊಳಗೊಂದು ಹರಿಯುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲ. ಮುದಗಲ್ಲಿನ ಪೇಟೆಯಲ್ಲಿ ನಿಂತವನಿಗೆ ಇದು ತಾನಾಗಿಯೇ ತಿಳಿಯುವುದು. ಇದು ಕೃಷ್ಣೆ ತುಂಗಭದ್ರೆಗಳ ನಡುವಣ ನಾಡು. 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು. ಕಚೇರಿಯ ಭಾಷೆ ಆಗ ಉರ್ದುವಾಗಿತ್ತು. ನಮ್ಮ ತಂದೆ ತಾತಂದಿರ ಪೀಳಿಗೆಯವರು ಅದರಲ್ಲಿಯೇ ಓದಿ ಅದರಲ್ಲಿಯೇ ಅರ್ಜಿ ಬರೆದರು. ಇಂದಿಗೂ ಇಲ್ಲಿ ಕನ್ನಡ ಉರ್ದುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುವುವು. ಪೂರ್ವದಿಂದ ತೆಲುಗು ಬಂದುಹೋಗುವುದು. ಉರ್ದುವಿನವರು ‘ಜಾ ಸಕ್ತಾ ಹೂಂ’ ಎನ್ನುವಾಗಿನ ‘ಸಕ್ತಾ’ ಎಂಬುದು ಸಂಸ್ಕೃತದ ‘ಶಕ್’ ಧಾತುವಿನದೇ. ತೆಲುಗರು ‘ನಾಕು ತೆಲುಗು ವಚ್ಚು’ ಎಂದರೆ ತಮಗೆ ತೆಲುಗು ಬರುವುದೆಂದರ್ಥ. ‘ವೆಳ್ಳವಚ್ಚು’ ಎಂದರೆ ಹೋಗಬಹುದು ಎಂದರ್ಥ. ವಿದ್ಯೆಗೂ ಅಪ್ಪಣೆಗೂ ಅದೇ ‘ವಚ್ಚು’. ಕನ್ನಡದ ‘ಬಹುದು’ ಎಂಬುದೂ ‘ಬರು’ ಧಾತುವಿನ ಹಳೆಯ ರೂಪವೇ. ‘ಬರ್ಪುದು’, ‘ಬಪ್ಪುದು’ ಎಂಬುವು ಸವೆದು ‘ಬಹುದು’ ಆಗಿವೆ. ಸಂಸ್ಕೃತದಲ್ಲಿ ಲಿಙ್ ಎಂಬ ಲಕಾರಕ್ಕೆ ಪಾಣಿನಿಯು ವಿಧಿ, ನಿಮಂತ್ರಣ, ಆಮಂತ್ರಣ ಮೊದಲಾದ ಆರು ಅರ್ಥಗಳನ್ನು ಹೇಳಿರುವನು. ಅವುಗಳಲ್ಲಿ ಆಮಂತ್ರಣವೆಂದರೆ ‘ಬೇಕಾದರೆ ಇಲ್ಲಿ ಕುಳಿತುಕೊಳ್ಳಬಹುದು’ ಎಂಬಂತಹ, ಕೇಳುವವನ ಇಚ್ಛೆಗೆ ಬಿಟ್ಟ ಅನುಮತಿ. ಅದೇ ಲಿಙ್ ‘ಶಕ್ತಿ’ಯ ಅರ್ಥದಲ್ಲಿಯೂ ಬರುವುದೆಂದು ಮುಂದೆ ಪ್ರತ್ಯೇಕವಾಗಿ ಇನ್ನೊಂದು ಸೂತ್ರವನ್ನೇ ಮಾಡಿರುವನು. ಅನುಮತಿಯೂ ಶಕ್ತಿಯೂ ಒಂದೇ ರೂಪದೊಳಗೆ ವಾಸಮಾಡಬಲ್ಲವೆಂಬುದನ್ನು ಆ ಮಹಾವೈಯಾಕರಣನು ಎರಡು ಸಾವಿರ ವರ್ಷಗಳಿಗೂ ಮೊದಲೇ ಕಂಡಿದ್ದನು. ಆದುದರಿಂದ ಇಂಗ್ಲಿಷಿನಲ್ಲಿ ತಡವರಿಸುವ ಹಳ್ಳಿಯ ಮಗುವು ನಾಚಿಕೊಳ್ಳಬೇಕಾಗಿಲ್ಲ. ಅದು ಎಡವುತ್ತಿರುವ ಕಲ್ಲು ಎಲ್ಲ ಭಾಷೆಗಳ ಹಾದಿಯಲ್ಲಿಯೂ ಇದೆ.

ಈಗ ‘ಮೇ’ ಎಂಬ ಒಡಹುಟ್ಟನ್ನು ನೋಡೋಣ. ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವ ಮೊದಲನೆಯ ಇಂಗ್ಲಿಷ್ ವಾಕ್ಯಗಳಲ್ಲಿ ‘ಮೇ ಐ ಕಮ್ ಇನ್ ಸರ್’ ಎಂಬುದು ಒಂದು. ಬಾಗಿಲಿನ ಬಳಿ ನಿಂತು ಮಂತ್ರದಂತೆ ಇದನ್ನು ಹೇಳುವರು; ಪದಚ್ಛೇದವು ಅರ್ಧ ಮಂದಿಗೂ ತಿಳಿಯದು. ಆದರೆ ಪ್ರಯೋಗವು ಶುದ್ಧ. ಅಪ್ಪಣೆಯನ್ನು ಬೇಡುವಾಗ ‘ಮೇ’ ಎಂಬುದು ಗೌರವದ ಮಾತು. ಅಪ್ಪಣೆಗೆ ‘ಕ್ಯಾನ್’ ಬಳಸಲೇಬಾರದೆಂದು ಹಿಂದಿನ ಪಾಠಪುಸ್ತಕಗಳು ಕಟ್ಟುನಿಟ್ಟಾಗಿ ಹೇಳುತ್ತಿದ್ದುವು. ಈಗ ಆ ಬಿಗಿಯು ಸಡಿಲಿದೆ. ಗೆಳೆಯನನ್ನು, ತಾಯಿಯನ್ನು ‘ಕ್ಯಾನ್ ಐ ಗೋ’ ಎಂದು ಕೇಳುವುದು ಆ ಭಾಷೆಯವರಲ್ಲಿಯೇ ನಿತ್ಯದ ರೂಢಿಯಾಗಿದೆ. ಅಧಿಕಾರಿಗೆ, ಹಿರಿಯರಿಗೆ, ಬರವಣಿಗೆಯಲ್ಲಿ ‘ಮೇ’. ಸಲಿಗೆಯಲ್ಲಿ ‘ಕ್ಯಾನ್’ ಎಂದು ಮಕ್ಕಳಿಗೆ ತಿಳಿಸಿದರೆ ಸಾಕು. ಶಬ್ದಗಳ ಚರಿತ್ರೆಯನ್ನು ನೋಡಿದರೆ ಈ ‘ಮೇ’ ಎಂಬುದೇ ಮೊದಲಲ್ಲಿ ಬಲವನ್ನು ಹೇಳುತ್ತಿತ್ತು. ಬಲವೆಂಬರ್ಥದ ‘ಮೈಟ್’ ಎಂಬ ನಾಮಪದವು ಇಂದಿಗೂ ಅದರ ಸಾಕ್ಷಿ. ‘ಕ್ಯಾನ್’ ಎಂಬುದು ಅರಿವಿನಿಂದ ಶಕ್ತಿಗೆ ಬಂದಿತು. ‘ಮೇ’ ಎಂಬುದು ಆ ಸ್ಥಾನವನ್ನು ಬಿಟ್ಟುಕೊಟ್ಟು ಅಪ್ಪಣೆಗೆ ಸರಿಯಿತು.

‘ಮೇ’ ಎಂಬುದಕ್ಕೆ ಇನ್ನೊಂದು ಕೆಲಸವುಂಟು. ಅದು ನಮ್ಮ ವ್ಯಾಕರಣದ ಸಂಭಾವನಾರ್ಥ. ಆಷಾಢದಲ್ಲಿ ಪಡುವಣ ದಿಕ್ಕಿನ ಮೋಡವನ್ನು ನೋಡಿ ನಮ್ಮ ರೈತನು ‘ಮಳಿ ಬಂದೀತು’ ಎನ್ನುವನು. ಬರುತ್ತದೆ ಎನ್ನುವಷ್ಟು ಧೈರ್ಯವಿಲ್ಲ. ಬರುವುದಿಲ್ಲ ಎನ್ನಲು ಮನಸ್ಸಿಲ್ಲ. ಇದನ್ನು ಇಂಗ್ಲಿಷಿನಲ್ಲಿ ‘ಇಟ್ ಮೇ ರೈನ್’ ಎನ್ನಬೇಕು. ಈ ಹೊತ್ತಿನ ಮೋಡಕ್ಕೆ ‘ಇಟ್ ಕ್ಯಾನ್ ರೈನ್’ ಎಂಬುದು ಹೊಂದದು. ಆದರೆ ಒಂದು ಪದಾರ್ಥದ ಅಥವಾ ಒಂದು ಕಾಲದ ಸ್ವಭಾವವನ್ನು ಹೇಳುವಾಗ ‘ಕ್ಯಾನ್’ ಸಲ್ಲುವುದು. ‘ಇಟ್ ಕ್ಯಾನ್ ಬಿ ವೆರಿ ಹಾಟ್ ಇನ್ ಮುದಗಲ್’ ಎಂದರೆ ಮುದಗಲ್ಲಿನಲ್ಲಿ ಬಿಸಿಲು ಬಹಳವಾಗಿರುವುದುಂಟು ಎಂದರ್ಥ. ಅದು ಪ್ರತಿ ಬೇಸಿಗೆಯಲ್ಲಿಯೂ ನಾವು ಉಣ್ಣುವ ಸತ್ಯ. ನಿಷೇಧದಲ್ಲಿಯೂ ಈ ಭೇದವನ್ನು ನಮ್ಮ ಜನರು ಎಷ್ಟು ಸೂಕ್ಷ್ಮವಾಗಿ ಕಾಯ್ದುಕೊಂಡಿರುವರು! ‘ಮಳಿ ಬರಲಿಕ್ಕಿಲ್ಲ’ ಎಂದರೆ ಬಾರದೆಯೂ ಇರಬಹುದೆಂಬ ಊಹೆ. ಅದು ‘ಮೇ ನಾಟ್’. ‘ಆ ಸುದ್ದಿ ನಿಜವಾಗಿರಲಾರದು’ ಎಂದರೆ ಎಂದಿಗೂ ನಿಜವಲ್ಲವೆಂಬ ನಿಶ್ಚಯ. ಅದು ‘ಕ್ಯಾನಾಟ್ ಬಿ’. ಹಳ್ಳಿಯ ಅಜ್ಜಿಯು ಅನಾಯಾಸವಾಗಿ ಮಾಡುವ ಈ ಭೇದವನ್ನು ಅವಳ ಮೊಮ್ಮಗನಿಗೆ ಇಂಗ್ಲಿಷಿನಲ್ಲಿ ಕಲಿಸಲು ನಾವು ಆರು ಪುಟಗಳ ಅಭ್ಯಾಸಗಳನ್ನು ಕೊಡುವೆವು. ಅಜ್ಜಿಯ ಮಾತನ್ನು ಅವನಿಗೆ ನೆನಪಿಸುವುದಿಲ್ಲ.

‘ಕ್ಯಾನ್’ ಎಂಬುದರ ಭೂತರೂಪವು ‘ಕುಡ್’. ಬರೆಯುವಾಗ ಅದರ ನಡುವೆ ಒಂದು ಲಕಾರವಿದೆ, ಉಚ್ಚಾರದಲ್ಲಿಲ್ಲ. ಅದು ಮೂಲದಲ್ಲಿಯೂ ಇರಲಿಲ್ಲ; ‘ಶುಡ್’, ‘ವುಡ್’ ಎಂಬ ನೆರೆಹೊರೆಯವರಲ್ಲಿರುವ ಲಕಾರವನ್ನು ನೋಡಿ ಇದೂ ತೊಟ್ಟುಕೊಂಡಿತು. ಮಕ್ಕಳು ಅಕ್ಷರವನ್ನು ಬಿಟ್ಟು ಬರೆದಾಗ ಹೊಡೆಯುವ ಬದಲು ಈ ಕಥೆಯನ್ನು ಹೇಳಿದರೆ ಮತ್ತೆ ಮರೆಯುವುದಿಲ್ಲ. ‘ಚಿಕ್ಕಂದಿನಲ್ಲಿ ನಾನು ಮರ ಹತ್ತಬಲ್ಲವನಾಗಿದ್ದೆನು’ ಎಂಬಂತಹ ಬಹುಕಾಲದ ಸಾಮರ್ಥ್ಯಕ್ಕೆ ‘ಕುಡ್’ ಸರಿ. ಆದರೆ ‘ನಿನ್ನೆ ಕಷ್ಟಪಟ್ಟು ಕಡೆಯ ಬಸ್ಸನ್ನು ಹಿಡಿದೆನು’ ಎಂದು ಒಂದೇ ಸಲದ ಸಾಧನೆಯನ್ನು ಹೇಳುವಾಗ ‘ವಾಸ್ ಏಬಲ್ ಟು’ ಎನ್ನಬೇಕು. ಹಿರಿಯರಲ್ಲಿ ಏನನ್ನಾದರೂ ವಿನಯದಿಂದ ಕೇಳುವಾಗ ‘ಕುಡ್ ಯು’ ಎಂದು ಆರಂಭಿಸುವುದು ಇಂಗ್ಲಿಷಿನವರ ಸೌಜನ್ಯ. ನಾವು ‘ರೀ’ ಸೇರಿಸುವಂತೆ ಅವರು ಕಾಲವನ್ನು ಹಿಂದಕ್ಕೆ ತಳ್ಳಿ ಗೌರವವನ್ನು ತೋರಿಸುವರು.

ಇಷ್ಟೆಲ್ಲ ವಿವೇಚನೆಯು ಪರೀಕ್ಷೆಯ ಎರಡು ಅಂಕಗಳಿಗಾಗಿ ಮಾತ್ರವೇ ಆಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಕನ್ನಡದ ‘ಬಾರದು’ ಎಂಬ ಮಾತನ್ನು ಸ್ವಲ್ಪ ಗಮನಿಸಿರಿ. ‘ಓದು ಬಾರದು’ ಎಂದರೆ ಸಾಮರ್ಥ್ಯವಿಲ್ಲ. ‘ಓದಬಾರದು’ ಎಂದರೆ ಅಪ್ಪಣೆಯಿಲ್ಲ. ನಡುವೆ ಒಂದು ಬಿಡುವಿನ ಅಂತರ, ಒಂದು ಸ್ವರದ ವ್ಯತ್ಯಾಸ, ಅಷ್ಟೆ. ಯಾರಿಗೆ ಒಂದು ಕಾಲದಲ್ಲಿ ‘ಓದಬಾರದು’ ಎಂದು ಹೇಳಿದರೋ ಅವರ ಮಕ್ಕಳನ್ನು ಕುರಿತು ‘ಅವರಿಗೆ ಓದು ಬಾರದು’ ಎಂದು ಮುಂದಿನ ಕಾಲದವರು ಹೇಳಿದರು. ಹೆಣ್ಣುಮಕ್ಕಳ ವಿಷಯದಲ್ಲಿ ಹೀಗಾಯಿತು. ಊರ ಹೊರಗಿನ ಕೇರಿಗಳವರ ವಿಷಯದಲ್ಲಿಯೂ ಹೀಗಾಯಿತು. ಅಪ್ಪಣೆಯ ಅಭಾವವನ್ನು ಶಕ್ತಿಯ ಅಭಾವವೆಂದು ಎಣಿಸುವುದು ವ್ಯಾಕರಣದ ದೋಷವಷ್ಟೇ ಅಲ್ಲ. ಅದು ತಲೆಮಾರುಗಳನ್ನು ನುಂಗುವ ದೋಷ.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷಗಳ ಮುಂಚೆ ನಡೆದುದನ್ನು ಹೇಳುವೆನು. ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಉತ್ತೀರ್ಣಳಾದ ಒಬ್ಬ ರೈತನ ಮಗಳಿಗೆ ಲಿಂಗಸೂಗೂರಿನ ಕಾಲೇಜಿನಲ್ಲಿ ವಿಜ್ಞಾನವನ್ನು ಓದುವ ಆಸೆಯಿತ್ತು. ತಂದೆಯು ಬಂದು ಹೇಳಿದನು: “ಸರ, ಆಕಿನ್ನ ಅಷ್ಟು ದೂರ ಕಳಸಾಕ ಆಗಂಗಿಲ್ರಿ.”

“ಆಕಿಗಿ ಓದು ಬರಂಗಿಲ್ಲ ಅಂತೀಯೇನಪಾ?”

“ಛೇ, ಹಂಗ್ಯಾಕ ಅಂದೇನ್ರಿ? ಸಾಲ್ಯಾಗ ಆಕೀನ ಎಲ್ಲಾರಿಗಿಂತ ಮುಂದ ಅದಾಳ.”

“ಮತ್ತ, ಹೆಣ್ಮಕ್ಕಳು ಓದಬಾರದು ಅಂತೀಯೇನು?”

“ಹಂಗೂ ಅನ್ನಂಗಿಲ್ರಿ.”

“ಬರೂದಂತೂ ಬರ್ತದ, ಓದಲೂಬಹುದು. ಹಂಗಾದ್ರ ಈ ಆಗಂಗಿಲ್ಲ ಅನ್ನೂದು ಯಾತರದು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಸಂಜೀ ಬಸ್ಸಿಂದು ಚಿಂತ್ರಿ ಸರ. ಬರೂದ್ರಾಗ ಕತ್ತಲಾಗತದ. ಆಕಿ ಒಬ್ಬಾಕೀನ ಬರಬೇಕು.”

ಅಲ್ಲಿಗೆ ‘ಆಗಂಗಿಲ್ಲ’ ಎಂಬ ಬೆಟ್ಟವು ಒಂದು ಬಸ್ಸಿನ ಗಾತ್ರಕ್ಕೆ ಇಳಿಯಿತು. ಬಸ್ಸಿನ ವಿಷಯವನ್ನು ಕುಳಿತು ಮಾತಾಡಬಹುದು. ಅದೇ ಕಾಲೇಜಿಗೆ ಹೋಗುವ ಇನ್ನಿಬ್ಬರು ಹುಡುಗಿಯರನ್ನು ಪಕ್ಕದ ಓಣಿಯಲ್ಲಿ ಹುಡುಕಿದೆವು; ಸಂಜೆ ಬಸ್ ನಿಲ್ದಾಣಕ್ಕೆ ದಿನಕ್ಕೊಬ್ಬ ತಂದೆಯು ಹೋಗುವುದೆಂದು ಗೊತ್ತಾಯಿತು. ಆಕೆ ಓದಿದಳು; ಮುಂದೆ ದಾದಿಯ ಶಿಕ್ಷಣವನ್ನೂ ಮುಗಿಸಿ ಈಗ ಕೆಲಸದಲ್ಲಿರುವಳು. ಎಲ್ಲ ಮನೆಗಳಲ್ಲಿಯೂ ಹೀಗಾಯಿತೆಂದು ವಾಚಕರು ತಿಳಿಯಬಾರದು. ಅದೇ ವರ್ಷ ಇನ್ನೊಂದು ಮನೆಯಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದಾಗ, ‘ಓದಬಾರದು’ ಎಂಬ ಎರಡನೆಯ ಉತ್ತರದಲ್ಲಿಯೇ ಮಾತು ನಿಂತುಹೋಯಿತು. ಆ ಹುಡುಗಿಯು ಇವಳಿಗಿಂತಲೂ ಜಾಣೆಯಾಗಿದ್ದಳು, ಮನೆಯಲ್ಲಿಯೇ ಉಳಿದಳು. ಪ್ರಶ್ನೆಯನ್ನು ಬಿಡಿಸಿ ಕೇಳಿದರೆ ಎಲ್ಲ ಬಾಗಿಲುಗಳೂ ತೆರೆಯುವುವೆಂದಲ್ಲ. ಆದರೆ ಬಾಗಿಲನ್ನು ಹಾಕಿರುವವರು ಯಾರು, ಅದು ಹಾಕಿದೆಯೋ ಬರಿದೆ ಚಾಚಿದೆಯೋ ಎಂಬುದಾದರೂ ಗೊತ್ತಾಗುವುದು. ಆಕೆಯ ವಿಷಯದಲ್ಲಿ ‘ಅವಳಿಗೆ ಓದು ಹತ್ತಲಿಲ್ಲ’ ಎಂದು ನಾಳೆ ಯಾರಾದರೂ ಹೇಳಿದರೆ ಅದು ಸುಳ್ಳೆಂದು ಹೇಳಲು ನಾನೊಬ್ಬನಾದರೂ ಇರುವೆನು.

ಈಗ ತಾಲೂಕಾಗಿರುವ ಮಸ್ಕಿಯು ನಮ್ಮ ನೆರೆಯ ಊರು. ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಅದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ದೊರೆಯ ಹೆಸರಿರಲಿಲ್ಲ. ಅಶೋಕನೆಂಬ ಹೆಸರನ್ನು ಹೇಳಿ ಸಂಶಯವನ್ನು ಕಳೆದುದು ಮಸ್ಕಿಯ ಬಂಡೆ. ಇದನ್ನು ಮಕ್ಕಳು ಪಾಠದಲ್ಲಿ ಓದುವರು. ಆದರೆ ಆ ಶಾಸನವು ಏನನ್ನು ಹೇಳುವುದೆಂಬುದನ್ನು ಕೇಳುವವರು ಕಡಮೆ. ಧರ್ಮದಲ್ಲಿ ನಿರತನಾದವನು ಕ್ಷುದ್ರನೆನಿಸಿದವನಾದರೂ ಆ ಉನ್ನತ ಪ್ರಯೋಜನವನ್ನು ಪಡೆಯಲು ಶಕ್ಯವೆಂದೂ, ದೊಡ್ಡವರು ಮಾತ್ರವೇ ಅದನ್ನು ಪಡೆಯಬಲ್ಲರೆಂದು ಭಾವಿಸತಕ್ಕದ್ದಲ್ಲವೆಂದೂ ಅದರ ತಾತ್ಪರ್ಯ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಆ ಪ್ರಾಕೃತ ವಾಕ್ಯದಲ್ಲಿ ನಮ್ಮ ಇಂದಿನ ವಿಷಯವೆಲ್ಲ ಅಡಕವಾಗಿದೆ: ಶಕ್ತಿಯನ್ನು ಹೇಳುವ ‘ಶಕ್ಯ’ ಶಬ್ದವುಂಟು, ಕರ್ತವ್ಯವನ್ನು ಹೇಳುವ ತವ್ಯ ಪ್ರತ್ಯಯವುಂಟು, ಸಂಭಾವನೆಯನ್ನು ಹೇಳುವ ಲಿಙ್ ಉಂಟು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿಯು ನಮ್ಮ ನಾಡಿನ ಕಲ್ಲಿನ ಮೇಲೆ ಬರೆಯಿಸಿದ್ದು, ಚಿಕ್ಕವನಿಗೂ ಆಗುತ್ತದೆ ಎಂಬ ಮಾತನ್ನು. ‘ನಮ್ಮ ಕಡೆಯ ಹುಡುಗರಿಗೆ ಇಂಗ್ಲಿಷ್ ಬರಂಗಿಲ್ಲ’ ಎಂದು ಯಾರಾದರೂ ಹೇಳಿದಾಗ ನಾನು ಮಕ್ಕಳಿಗೆ ಆ ಬಂಡೆಯ ಕಥೆಯನ್ನು ಹೇಳುತ್ತಿದ್ದೆನು.

ಕಡೆಗೆ, ಮನೆಯಲ್ಲಿ ಪಾಠ ಹೇಳುವ ತಾಯಿತಂದೆಯರಿಗೆ ಒಂದು ಸುಲಭವಾದ ಉಪಾಯವನ್ನು ಸೂಚಿಸುವೆನು. ಮಗುವು ‘ಕ್ಯಾನ್’ ಬರೆಯಬೇಕೋ ‘ಮೇ’ ಬರೆಯಬೇಕೋ ಎಂದು ಲೇಖನಿಯನ್ನು ಕಚ್ಚುತ್ತ ಕುಳಿತಾಗ ಇಂಗ್ಲಿಷಿನ ನಿಯಮವನ್ನು ಹೇಳಲು ಹೋಗಬೇಡಿರಿ. ಹೇಳಬೇಕಾದ ಸಂಗತಿಯನ್ನು ಮೊದಲು ಮನೆಯ ಮಾತಿನಲ್ಲಿ ಹೇಳಿಸಿರಿ. ಬಳಿಕ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಇದು ‘ಬರ್ತದ’ ಎಂಬುದೋ, ‘ಆಗ್ತದ’ ಎಂಬುದೋ, ‘ಮಾಡಬಹುದು’ ಎಂಬುದೋ, ‘ಆದೀತು’ ಎಂಬುದೋ? ಮೊದಲಿನ ಎರಡಕ್ಕೆ ‘ಕ್ಯಾನ್’. ಮೂರನೆಯದಕ್ಕೆ ಹಿರಿಯರ ಮುಂದೆ ‘ಮೇ’, ಗೆಳೆಯರ ಮುಂದೆ ‘ಕ್ಯಾನ್’ ಆದರೂ ನಡೆಯುವುದು. ನಾಲ್ಕನೆಯದಕ್ಕೆ ‘ಮೇ’. ನಿಷೇಧಕ್ಕೂ ಇದೇ ಕ್ರಮ: ‘ಬರಂಗಿಲ್ಲ’, ‘ಆಗಂಗಿಲ್ಲ’, ‘ಇರಲಾರದು’ ಎಂಬುವಕ್ಕೆ ‘ಕ್ಯಾನಾಟ್’, ‘ಬಾರದು’, ‘ಬರಲಿಕ್ಕಿಲ್ಲ’ ಎಂಬುವಕ್ಕೆ ‘ಮೇ ನಾಟ್’. ‘ಕ್ಯಾನಾಟ್’ ಎಂಬುದನ್ನು ಒಂದೇ ಪದವಾಗಿ ಕೂಡಿಸಿ ಬರೆಯಬೇಕು, ‘ಮೇ ನಾಟ್’ ಎಂಬುದನ್ನು ಬಿಡಿಸಿ ಬರೆಯಬೇಕು. ಇಂಗ್ಲಿಷು ಬಾರದ ತಾಯಿಯೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲಳು. ಏಕೆಂದರೆ ಉತ್ತರವು ಅವಳ ನುಡಿಯಲ್ಲಿಯೇ ಇದೆ. ದಿನಕ್ಕೆ ಐದು ವಾಕ್ಯಗಳಂತೆ ಒಂದು ತಿಂಗಳು ನಡೆಸಿ ನೋಡಿರಿ.